ಸೆಲ್‌ಗಳಿಗೆ ಭಾನುವಾರ ಇಲ್ಲ: ಕ್ಯಾನ್ಸರ್ ಲ್ಯಾಬಿನಲ್ಲಿ ಯಾರ್ಯಾರು ಇರ್ತಾರೆ?

ಪ್ರಶ್ನೆ: ನಾನು ದಾವಣಗೆರೆಯವಳು, ರಿಟೈರ್ ಆದ ಪ್ರೈಮರಿ ಸ್ಕೂಲ್ ಟೀಚರ್. ಮಗಳು ಬಯೋಟೆಕ್ನಾಲಜಿಯಲ್ಲಿ ಎಂಎಸ್ಸಿ ಮುಗಿಸಿ, ಪಿಎಚ್‌ಡಿಗೆ ಅಂತ ಅಮೆರಿಕದ ಓಹಾಯೋದಲ್ಲಿರುವ ಒಂದು ಯೂನಿವರ್ಸಿಟಿಗೆ ಹೋಗಿ ಒಂದೂವರೆ ವರ್ಷ ಆಯಿತು. ಕ್ಯಾನ್ಸರ್ ಮತ್ತು ಸೆಲ್ ಬಯಾಲಜಿ ಲ್ಯಾಬ್ ಅಂತೆ. ಭಾನುವಾರ ಫೋನ್ ಮಾಡಿದರೂ "ಅಮ್ಮಾ, ಸೆಲ್‌ಗೆ ಊಟ ಹಾಕ್ಬೇಕು, ಆಮೇಲೆ ಮಾಡ್ತೀನಿ" ಅಂತಾಳೆ. ಪ್ರೊಫೆಸರನ್ನು ಹೆಸರು ಹಿಡಿದು ಕರೆಯುತ್ತಾಳೆ. ಆ ಲ್ಯಾಬಿನಲ್ಲಿ ಯಾರ್ಯಾರು ಇರ್ತಾರೆ, ಏನು ಮಾಡ್ತಾರೆ? ಕ್ಯಾನ್ಸರ್ ಸೆಲ್ ಮುಟ್ಟಿದರೆ ಅವಳಿಗೇನೂ ಆಗಲ್ವಾ? ಊರಿಗೆ ಯಾವಾಗ ಬರಬಹುದು?

ಉತ್ತರ: ಅಮ್ಮಾ, ನಿಮ್ಮ ಮಗಳು ನೆಪ ಹೇಳುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ನನ್ನ ಅಮ್ಮನಿಗೂ ವರ್ಷಗಟ್ಟಲೆ ಇದೇ ಅನುಮಾನ ಇತ್ತು. ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡಿ, ಅಮೆರಿಕದಲ್ಲಿ ಇಂಥದ್ದೇ ಲ್ಯಾಬಿನಲ್ಲಿ ಆರು ವರ್ಷ ಇದ್ದು, ವಾಪಸ್ ಬಂದು ಈಗ ಪಾಠ ಮಾಡಿಕೊಂಡಿರುವವಳು. "ಸೆಲ್ ನೋಡ್ಕೋಬೇಕು, ಫೋನ್ ಇಡ್ತೀನಿ" ಅಂದರೆ ಅಮ್ಮ "ಯಾವ ಸೆಲ್ಲೇ ಅದು, ಟಾರ್ಚಿಂದಾ?" ಅನ್ನುತ್ತಿದ್ದರು.

ಆ ಸೆಲ್ ಅಂದರೆ ಜೀವಕೋಶ. ಅಂಗೈ ಅಗಲದ ಒಂದು ಚಪ್ಪಟೆ ಪ್ಲಾಸ್ಟಿಕ್ ಬಾಟಲಿ ಇರುತ್ತದೆ. ಅದಕ್ಕೆ ಫ್ಲಾಸ್ಕ್ ಅನ್ನುತ್ತಾರೆ. ಅದರ ತಳಕ್ಕೆ ಕ್ಯಾನ್ಸರ್ ಸೆಲ್‌ಗಳು ಅಂಟಿಕೊಂಡು ಬೆಳೆಯುತ್ತವೆ. ಮೇಲೆ ಗುಲಾಬಿ ಬಣ್ಣದ ನೀರಿರುತ್ತದೆ, ಅದೇ ಮೀಡಿಯಾ. ಸಕ್ಕರೆ, ಉಪ್ಪು, ಅಮೈನೋ ಆಮ್ಲ, ವಿಟಮಿನ್ ಎಲ್ಲ ಅದರಲ್ಲಿದೆ. ಜೊತೆಗೆ ನೂರಕ್ಕೆ ಹತ್ತು ಪಾಲು ಸೀರಮ್. ಅದು ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದದ್ದು. (ಇದನ್ನು ನಮ್ಮಜ್ಜಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ನೀವೂ ಮನೆಯ ಹಿರಿಯರಿಗೆ ಹೇಳದಿದ್ದರೆ ಒಳ್ಳೆಯದು.) ಫ್ಲಾಸ್ಕುಗಳನ್ನು 37 ಡಿಗ್ರಿ ಶಾಖದ, ಶೇ 5ರಷ್ಟು ಕಾರ್ಬನ್ ಡೈ ಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮ ಮೈಯಷ್ಟೇ ಬೆಚ್ಚಗೆ. ಸೆಲ್‌ಗಳು ತಿಂದು ಬೆಳೆದಂತೆಲ್ಲ ಮೀಡಿಯಾ ಹುಳಿಯಾಗುತ್ತದೆ. ಗುಲಾಬಿ ಹೋಗಿ ಕಿತ್ತಳೆ, ಆಮೇಲೆ ಹಳದಿ. ಹಳದಿಗೆ ತಿರುಗಿದರೆ ಊಟದ ಹೊತ್ತು ಮೀರಿದೆ ಅಂತ ಅರ್ಥ.

ಬರೀ ಊಟ ಹಾಕಿದರೆ ಸಾಲದು. ಜಾಗ ತುಂಬಿದರೆ ಅರ್ಧಕ್ಕಿಂತ ಜಾಸ್ತಿ ತೆಗೆದುಹಾಕಿ, ಉಳಿದದ್ದನ್ನು ಹೊಸ ಫ್ಲಾಸ್ಕಿಗೆ ಹಾಕಬೇಕು. ಇವತ್ತಿನ ಮೊಸರಲ್ಲಿ ಒಂದು ಚಮಚ ಎತ್ತಿಟ್ಟು ನಾಳೆಯ ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಅದೇ. ಲ್ಯಾಬಿನವರು ಇದಕ್ಕೆ ಸ್ಪ್ಲಿಟ್ ಮಾಡೋದು ಅನ್ನುತ್ತಾರೆ. ಹಳೆ ಮೀಡಿಯಾ ತೆಗೆದು, ಸೆಲ್‌ಗಳನ್ನು ತೊಳೆದು, ಅಂಟು ಬಿಡಿಸುವ ಟ್ರಿಪ್ಸಿನ್ ಹಾಕಿ ಎರಡು ಮೂರು ನಿಮಿಷ ಕಾಯಬೇಕು. ಆಗ ಫ್ಲಾಸ್ಕಿನ ಪಕ್ಕಕ್ಕೆ ಅಂಗೈಯಿಂದ ಮೆಲ್ಲಗೆ ತಟ್ಟಿದರೆ, ತಳಕ್ಕೆ ಅಂಟಿದ್ದ ಮಸುಕು ಪದರ ಸರ್ರನೆ ಜಾರುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಅಷ್ಟು ಹೊತ್ತು ಚಪ್ಪಟೆಯಾಗಿ ಚಾಚಿಕೊಂಡಿದ್ದವು ಸಾಬಕ್ಕಿ ಕಾಳಿನ ಥರ ದುಂಡಗಾಗಿ ತೇಲುತ್ತಿರುತ್ತವೆ. ಒಂದು ನಿಮಿಷ ಜಾಸ್ತಿ ಬಿಟ್ಟರೆ ಸೆಲ್‌ಗಳಿಗೆ ಪೆಟ್ಟು, ಕಡಿಮೆಯಾದರೆ ಬಿಡೋದೇ ಇಲ್ಲ. ಇದನ್ನು ಪುಸ್ತಕದಲ್ಲಿ ಓದಿ ಕಲಿತವರನ್ನು ನಾನು ಕಂಡಿಲ್ಲ. ಪಕ್ಕದಲ್ಲಿ ಯಾರೋ ನಿಂತು "ಇನ್ನೊಂದ್ ಸ್ವಲ್ಪ, ಇನ್ನೊಂದ್ ಸ್ವಲ್ಪ, ಹಾಂ ಈಗ" ಅನ್ನಬೇಕು.

ಕೆಲವು ಸೆಲ್‌ಗಳು ದಿನಕ್ಕೊಮ್ಮೆ ಎರಡರಷ್ಟಾಗುತ್ತವೆ. ಅವಕ್ಕೆ ಶನಿವಾರ ಭಾನುವಾರ ತಿಳಿಯಲ್ಲ. ಕೊಟ್ಟಿಗೆಯಲ್ಲಿ ಕರೆಯೋ ಹಸು ಇದ್ದವರು ಮದುವೆಮನೆಯಿಂದ ಸಂಜೆಗೇ ವಾಪಸ್ ಬರ್ತಾರಲ್ವಾ, ನಿಮ್ಮ ಮಗಳದ್ದೂ ಅದೇ ಕಥೆ.

ಆಗ ಪಕ್ಕದಲ್ಲಿ ನಿಂತವರು ಅಂದೆನಲ್ಲ, ನಿಮ್ಮ ಪ್ರಶ್ನೆಗೆ ಉತ್ತರವನ್ನು ಅವರಿಂದಲೇ ಶುರು ಮಾಡುತ್ತೇನೆ. ಸಾಮಾನ್ಯವಾಗಿ ಪ್ರೊಫೆಸರಿಂದ ಶುರು ಮಾಡುತ್ತಾರೆ. ಅದು ತಪ್ಪು ದಾರಿ ಅಂತ ನನ್ನ ಅಭಿಪ್ರಾಯ. ಲ್ಯಾಬಿನಲ್ಲಿ ಮೊದಲು ನೋಡಬೇಕಾದದ್ದು ಲ್ಯಾಬ್ ಮ್ಯಾನೇಜರನ್ನು, ಇಲ್ಲವೇ ಹಿರಿಯ ಟೆಕ್ನಿಷಿಯನ್ನನ್ನು. ಪಿಎಚ್‌ಡಿಯವರು ಐದಾರು ವರ್ಷಕ್ಕೆ ಹೋಗುತ್ತಾರೆ. ಪೋಸ್ಟ್‌ಡಾಕ್‌ಗಳು, ಅಂದರೆ ಪಿಎಚ್‌ಡಿ ಆದ ಮೇಲೆ ಲ್ಯಾಬಿಗೆ ಬರುವವರು, ಮೂರು ನಾಲ್ಕು ವರ್ಷಕ್ಕೆ. ಈ ಒಬ್ಬರು ಮಾತ್ರ ಅಲ್ಲೇ ಇರುತ್ತಾರೆ. ಯಾವ ಡಬ್ಬಿ ಯಾವ ಫ್ರೀಜರಿನ ಎಷ್ಟನೇ ಅರೆಯಲ್ಲಿದೆ, ಎಂಟು ವರ್ಷದ ಹಿಂದೆ ಹೋದ ಹುಡುಗ ಟ್ಯೂಬಿನ ಮೇಲೆ ಬರೆದ 'ಕೆ-3' ಅಂದರೆ ಏನು, ಯಾವ ಕಂಪನಿಯ ಆ್ಯಂಟಿಬಾಡಿ (ಒಂದು ಪ್ರೋಟೀನನ್ನು ಗುರುತಿಸಿ ಅಂಟುವ ವಸ್ತು) ಕೈಕೊಡುತ್ತದೆ, ಎಲ್ಲ ಅವರ ತಲೆಯಲ್ಲಿರುತ್ತದೆ. ಸಾಮಾನು ತರಿಸೋದು, ಸೇಫ್ಟಿ ತಪಾಸಣೆಗೆ ಕಾಗದ ಸರಿಯಿಡೋದು, ಹೊಸಬರಿಗೆ ಕೈ ಹಿಡಿದು ಕಲಿಸೋದು, ಅಳುವವರಿಗೆ ಟಿಶ್ಯೂ ಕೊಡೋದು, ಇದೂ ಅವರದೇ. ನಿಮ್ಮ ಮಗಳ ಲ್ಯಾಬಿನಲ್ಲಿ ಇಂಥವರೊಬ್ಬರು ಇದ್ದರೆ ಅವಳ ಬಗ್ಗೆ ಅರ್ಧ ಚಿಂತೆ ಬಿಡಿ.

ಇದು ಉತ್ಪ್ರೇಕ್ಷೆ ಅಲ್ಲ. ಮನುಷ್ಯರ ಸೆಲ್‌ಗಳನ್ನು ಮೈಯಿಂದ ಹೊರಗೆ ನಿಲ್ಲದೆ ಬೆಳೆಸೋದು 1951ರವರೆಗೆ ಯಾರಿಗೂ ಆಗಿರಲಿಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೈ ಅನ್ನುವವರ ಲ್ಯಾಬ್ ಅದಕ್ಕೆ ಹೆಣಗುತ್ತಿತ್ತು. ನರ್ಸಿಂಗ್ ಕಲಿತಿದ್ದ ಅವರ ಹೆಂಡತಿ ಮಾರ್ಗರೆಟ್ ಲ್ಯಾಬನ್ನು ನಡೆಸುತ್ತಿದ್ದರು. ಆ ವರ್ಷ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಕಪ್ಪು ಹೆಂಗಸಿನ ಗರ್ಭಕಂಠದ ಗಡ್ಡೆಯಿಂದ ತೆಗೆದ ಚೂರು ಲ್ಯಾಬಿಗೆ ಬಂತು. ಅದನ್ನು ಸಣ್ಣಗೆ ಕತ್ತರಿಸಿ ಟ್ಯೂಬಿಗೆ ಹಾಕಿದ್ದು ಮೇರಿ ಕುಬಿಚೆಕ್ ಅನ್ನುವ ಚಿಕ್ಕ ವಯಸ್ಸಿನ ಲ್ಯಾಬ್ ಅಸಿಸ್ಟೆಂಟ್. ಹೆಸರು ಮತ್ತು ಅಡ್ಡಹೆಸರಿನ ಮೊದಲೆರಡು ಅಕ್ಷರ ಸೇರಿಸಿ 'ಹೀಲಾ' ಅಂತ ಟ್ಯೂಬಿನ ಮೇಲೆ ಬರೆದದ್ದೂ ಆಕೆಯೇ. ಆ ಸೆಲ್‌ಗಳು ಇವತ್ತಿಗೂ ಬೆಳೆಯುತ್ತಿವೆ. ನಿಮ್ಮ ಮಗಳ ಲ್ಯಾಬಿನ ಯಾವುದೋ ಪೆಟ್ಟಿಗೆಯಲ್ಲಿ ಅವು ಇದ್ದೇ ಇರುತ್ತವೆ ಅಂತ ಧೈರ್ಯವಾಗಿ ಹೇಳಬಲ್ಲೆ. ಗೈ ಅವರ ಹೆಸರು ಪಠ್ಯಪುಸ್ತಕದಲ್ಲಿದೆ. ಕುಬಿಚೆಕ್ ಹೆಸರನ್ನು ನಾನು ಪಿಎಚ್‌ಡಿ ಮುಗಿದ ಮೇಲೆ ಕೇಳಿದ್ದು.

ಇನ್ನು ಪ್ರೊಫೆಸರ್. ಅಲ್ಲಿ ಅವರನ್ನು ಪಿಐ ಅನ್ನುತ್ತಾರೆ, ಲ್ಯಾಬಿನ ಯಜಮಾನರು ಅಂತಿಟ್ಟುಕೊಳ್ಳಿ. ಹೆಸರು ಹಿಡಿದು ಕರೆಯೋದು ಅಲ್ಲಿನ ರೂಢಿ, ನಿಮ್ಮ ಮಗಳು ಅಗೌರವ ತೋರಿಸುತ್ತಿಲ್ಲ. ನನಗೂ ಮೊದಲ ಆರು ತಿಂಗಳು ಬಾಯಿ ಬರಲಿಲ್ಲ. ಏನೂ ಕರೆಯದೆ ಎದುರಿಗೆ ಹೋಗಿ ನಿಂತು ಕೆಮ್ಮುತ್ತಿದ್ದೆ! ಹೆಚ್ಚಿನ ಪಿಐಗಳು ಪಿಪೆಟ್ (ಹನಿ ಅಳೆದು ಹಾಕುವ ಕೊಳವೆ) ಹಿಡಿದು ಎಷ್ಟೋ ವರ್ಷ ಆಗಿರುತ್ತದೆ. ಅವರ ದಿನವೆಲ್ಲ ದುಡ್ಡು ತರುವ ಅರ್ಜಿ ಬರೆಯುವುದರಲ್ಲೇ ಹೋಗುತ್ತದೆ. ಅಮೆರಿಕದಲ್ಲಿ ಆ ದುಡ್ಡು ಜಾಸ್ತಿ ಬರೋದು ಸರ್ಕಾರದ ಎನ್‌ಐಎಚ್ ಸಂಸ್ಥೆಯಿಂದ, ಕ್ಯಾನ್ಸರಿಗಾದರೆ 1937ರಲ್ಲಿ ಶುರುವಾಗಿ ಈಗ ಅದರಡಿ ಇರುವ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಿಂದ. ಅದರಲ್ಲಿ ಆರ್-01 ಅನ್ನುವ ಗ್ರ್ಯಾಂಟ್ ಸಿಕ್ಕರೆ ನಾಲ್ಕೈದು ವರ್ಷ ಲ್ಯಾಬ್ ನಡೆಯುತ್ತದೆ. ಸಿಗದಿದ್ದರೆ ಎಂಥ ಬುದ್ಧಿವಂತರ ಲ್ಯಾಬಾದರೂ ಬಾಗಿಲು ಮುಚ್ಚುತ್ತದೆ. ಅರ್ಜಿ ಕಳಿಸುವ ಕೊನೆಯ ವಾರ ಪಿಐ ಮುಖ ನೋಡಬೇಕು. ಬ್ಯಾಂಕಿನ ಸಾಲ ಕಟ್ಟಬೇಕಾದ ಅಂಗಡಿಯವರ ಮುಖ.

ಆದರೂ ಅವರ ಕೆಲಸ ಬರೀ ದುಡ್ಡಿನದಲ್ಲ. ವಾರಕ್ಕೊಂದು ಲ್ಯಾಬ್ ಮೀಟಿಂಗ್ ಇರುತ್ತದೆ. ಒಬ್ಬರು ತಮ್ಮ ಪ್ರಯೋಗದ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುತ್ತಾರೆ, ಉಳಿದವರು ಬಗೆದು ನೋಡುತ್ತಾರೆ. "ಕಂಟ್ರೋಲ್ ಎಲ್ಲಿ? ಎಷ್ಟು ಸಲ ಮಾಡಿದೆ? ಈ ಪಟ್ಟಿ ಇಲ್ಲಿ ಯಾಕೆ ಮಸುಕು?" ಕಂಟ್ರೋಲ್ ಅಂದರೆ ಹೋಲಿಸಿ ನೋಡಲು ಇಟ್ಟ ಮಾದರಿ. ಒಳ್ಳೆ ಪಿಐ ಅಂದರೆ ನನ್ನ ಮಟ್ಟಿಗೆ, ತಮಗೆ ಇಷ್ಟವಾದ ಉತ್ತರ ಬಂದಾಗಲೂ ಇದೇ ಪ್ರಶ್ನೆ ಕೇಳುವವರು. ಅಂಥವರು ಕಡಿಮೆ.

ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಮುಗಿಸಿ, ಇನ್ನೂ ಸ್ವಂತ ಲ್ಯಾಬ್ ಇಲ್ಲದವರು. ವಯಸ್ಸು ಮೂವತ್ತರ ಆಚೆ ಈಚೆ. ಎಷ್ಟೋ ಲ್ಯಾಬುಗಳಲ್ಲಿ ಇವರಲ್ಲಿ ಅರ್ಧ ಜನ ಚೀನಾ, ಭಾರತ, ಕೊರಿಯಾ, ಇಟಲಿ ಕಡೆಯವರು. ವೀಸಾ ಚಿಂತೆ, ಮಗುವಿನ ಡೇಕೇರ್ ಚಿಂತೆ, ಪೇಪರ್ ಚಿಂತೆ ಒಟ್ಟಿಗೆ ಹೊತ್ತವರು. 2024ರಲ್ಲಿ ಎನ್‌ಐಎಚ್ ತನ್ನ ಫೆಲೋಶಿಪ್ಪಿನಲ್ಲಿ ಹೊಸ ಪೋಸ್ಟ್‌ಡಾಕ್‌ಗೆ ನಿಗದಿ ಮಾಡಿದ್ದು ವರ್ಷಕ್ಕೆ 61,008 ಡಾಲರ್. ರೂಪಾಯಿಗೆ ತಿರುಗಿಸಿ ನೋಡಬೇಡಿ. ಬಾಡಿಗೆ, ಇನ್ಶೂರೆನ್ಸ್ ಕಟ್ಟಿದ ಮೇಲೆ ನೋಡಿ. ಲ್ಯಾಬಿನ ದೊಡ್ಡ ಪ್ರಯೋಗಗಳನ್ನು ಹೆಚ್ಚಾಗಿ ಎಳೆಯೋದು ಇವರೇ. ಪೇಪರಿನಲ್ಲಿ ಮೊದಲ ಹೆಸರು ಕೈಯಾರೆ ಕೆಲಸ ಮಾಡಿದವರದ್ದು, ಕೊನೆಯ ಹೆಸರು ಪಿಐಯದ್ದು. ನಡುವೆ ಸಹಾಯ ಮಾಡಿದವರೆಲ್ಲ ಬರುತ್ತಾರೆ. ಈ ಮೊದಲ ಹೆಸರಿಗಾಗಿ ಆಗುವ ಜಗಳಗಳ ಮುಂದೆ ಅಣ್ಣತಮ್ಮಂದಿರ ಆಸ್ತಿ ಪಾಲು ಏನೂ ಅಲ್ಲ.

ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಕ್ಯಾನ್ಸರ್ ಹುಟ್ಟಿಸುವ ಜೀನ್‌ಗಳು ಎಲ್ಲಿಂದಲೋ ವೈರಸ್ ಜೊತೆ ಬರುವುದಲ್ಲ, ಆರೋಗ್ಯವಾಗಿರುವ ಸೆಲ್‌ಗಳಲ್ಲೇ ಅವುಗಳ ಮೂಲ ಇದೆ ಅಂತ ತೋರಿಸಿದ ಪೇಪರ್ 1976ರಲ್ಲಿ ಬಂತು, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಿಂದ. ಅದರಲ್ಲಿ ಮೊದಲ ಹೆಸರು ಫ್ರಾನ್ಸಿನಿಂದ ಬಂದಿದ್ದ ಪೋಸ್ಟ್‌ಡಾಕ್ ಡೊಮಿನಿಕ್ ಸ್ಟೆಹೆಲಿನ್ ಅವರದ್ದು. 1989ರಲ್ಲಿ ನೊಬೆಲ್ ಬಂದದ್ದು ಲ್ಯಾಬಿನ ಹಿರಿಯರಾದ ಮೈಕಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಇಬ್ಬರಿಗೆ. ಕೆಲಸ ಮಾಡಿದ್ದು ನಾನು ಅಂತ ಸ್ಟೆಹೆಲಿನ್ ಬಹಿರಂಗವಾಗಿಯೇ ಹೇಳಿದರು. ಸಮಿತಿ ಒಪ್ಪಲಿಲ್ಲ. ಯೋಚನೆ ಹಿರಿಯರದ್ದು, ಪ್ರಯೋಗ ಕಿರಿಯರದ್ದು, ಪ್ರಶಸ್ತಿ ಯಾರಿಗೆ? ನನ್ನ ಕೇಳಿದರೆ ಎರಡೂ ಕಡೆ ನ್ಯಾಯ ಇದೆ ಅನ್ನಿಸುತ್ತದೆ. ಆದರೆ ಲ್ಯಾಬಿನ ಕಾಫಿ ಕೋಣೆಯಲ್ಲಿ ಈ ವಿಷಯ ಎತ್ತಿ ನೋಡಿ. ಪೋಸ್ಟ್‌ಡಾಕ್‌ಗಳೆಲ್ಲ ಒಂದು ಕಡೆ, ಪಿಐ ಒಂದು ಕಡೆ.

ನಿಮ್ಮ ಮಗಳು ಪಿಎಚ್‌ಡಿ ವಿದ್ಯಾರ್ಥಿ. ಅಲ್ಲಿ ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಕೆಲವು ವಾರ ಕೆಲಸ ಮಾಡಿ, ಆಮೇಲೆ ಒಂದನ್ನು ಆರಿಸಿಕೊಳ್ಳುತ್ತಾರೆ. ಹುಡುಗಿ ನೋಡೋ ಶಾಸ್ತ್ರ ಇದ್ದಂತೆ, ಆದರೆ ಎರಡೂ ಕಡೆಯವರಿಗೆ ಬೇಡ ಅನ್ನುವ ಹಕ್ಕಿದೆ. ಫೀಸು ಕಟ್ಟಬೇಕಿಲ್ಲ, ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ. ನಮ್ಮಲ್ಲೂ ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಫೆಲೋಶಿಪ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ, ಮೊದಲು 31,000 ಇತ್ತು. ದುಡ್ಡಿಗಿಂತ ಅವಳಿಗೆ ಕಷ್ಟ ಆಗುವುದು ಬೇರೆ. ಅವಳು ಇಲ್ಲಿಯವರೆಗೆ ಓದಿದ್ದಕ್ಕೆ ಮಾರ್ಕ್ಸ್ ಬಂದಿದೆ. ಲ್ಯಾಬಿನಲ್ಲಿ ಹಾಗಲ್ಲ. ಎರಡು ದಿನ ನಿಂತು ವೆಸ್ಟರ್ನ್ ಬ್ಲಾಟ್ ಮಾಡುತ್ತಾಳೆ, ಅಂದರೆ ಸೆಲ್‌ನೊಳಗಿನ ಒಂದು ಪ್ರೋಟೀನ್ ಎಷ್ಟಿದೆ ಅಂತ ಪಟ್ಟಿ ಪಟ್ಟಿಯಾಗಿ ಕಾಣಿಸುವ ಪರೀಕ್ಷೆ. ಕೊನೆಗೆ ಬರೋದು ಒಂದು ಖಾಲಿ ಬಿಳಿ ಹಾಳೆ. ತಪ್ಪು ಎಲ್ಲಾಯಿತು? ಗೊತ್ತಿಲ್ಲ. ಮತ್ತೆ ಮಾಡು. ಕ್ಲಾಸಿಗೇ ಫಸ್ಟ್ ಬರುತ್ತಿದ್ದ ಮಕ್ಕಳಿಗೆ ಇದು ಜಾಸ್ತಿ ಪೆಟ್ಟು ಕೊಡುತ್ತದೆ.

ಇವರಲ್ಲದೆ ಡಿಗ್ರಿ ಓದುವ ಹುಡುಗ ಹುಡುಗಿಯರು ಇರುತ್ತಾರೆ, ಮೆಡಿಕಲ್ ಸೀಟಿಗೆ ಅನುಭವ ಬೇಕು ಅಂತ ಬಂದವರು. ಗಾಜಿನ ಸಾಮಾನು ತೊಳೆದು, ಆವಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕುವವರು ಇರುತ್ತಾರೆ. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಆ ಕೆಲಸ ಮಾಡುತ್ತಿದ್ದವರನ್ನು ನಾವೆಲ್ಲ ಅಣ್ಣ ಅನ್ನುತ್ತಿದ್ದೆವು. ಅವರು ಎರಡು ದಿನ ರಜೆ ಹಾಕಿದರೆ ಇಡೀ ವಿಜ್ಞಾನ ನಿಲ್ಲುತ್ತಿತ್ತು. ಲ್ಯಾಬಿನ ಹೊರಗೆ, ಅದೇ ಕಟ್ಟಡದಲ್ಲಿ, ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುವ ಜನ ಇರುತ್ತಾರೆ. ಲೆಕ್ಕ ನೋಡುವ ಸ್ಟ್ಯಾಟಿಸ್ಟಿಕ್ಸ್‌ನವರು, ಆಸ್ಪತ್ರೆಯಿಂದ ಗಡ್ಡೆಯ ಚೂರು ಕಳಿಸುವ ಪ್ಯಾಥಾಲಜಿಸ್ಟ್‌ಗಳು ಬೇರೆ.

ಮತ್ತೆ ಇಲಿಮನೆಯವರು. ಇದರ ಬಗ್ಗೆ ಮಕ್ಕಳು ಮನೆಯಲ್ಲಿ ಮಾತಾಡೋದು ಕಡಿಮೆ. ಫ್ಲಾಸ್ಕಿನಲ್ಲಿ ಕೆಲಸ ಮಾಡಿದ ಔಷಧ ಮೈಯೊಳಗೆ ಕೆಲಸ ಮಾಡುತ್ತದಾ ಅಂತ ನೋಡಲು ಇಲಿಗಳು ಬೇಕು. ಕೂದಲೇ ಇಲ್ಲದ ಒಂದು ಜಾತಿ ಇದೆ, ನ್ಯೂಡ್ ಮೌಸ್ ಅನ್ನುತ್ತಾರೆ. ಅವಕ್ಕೆ ರೋಗನಿರೋಧಕ ಸೆಲ್‌ಗಳನ್ನು ತಯಾರು ಮಾಡುವ ಥೈಮಸ್ ಗ್ರಂಥಿ ಬೆಳೆಯುವುದಿಲ್ಲ. ಹಾಗಾಗಿ ಮನುಷ್ಯರ ಸೆಲ್‌ಗಳನ್ನು ಹಾಕಿದರೆ ಅವುಗಳ ಮೈ ಹೊರದೂಡುವುದಿಲ್ಲ. ಗೌನು, ಟೋಪಿ, ಮಾಸ್ಕು, ಕಾಲಿಗೆ ಚೀಲ ಹಾಕಿಕೊಂಡು ಒಳಗೆ ಹೋಗಬೇಕು. ಪ್ರಯೋಗಕ್ಕೆ ಮೊದಲೇ ಸಮಿತಿಯ ಒಪ್ಪಿಗೆ ಬೇಕು. ಗಡ್ಡೆ ಎಷ್ಟು ದೊಡ್ಡದಾದರೆ ನಿಲ್ಲಿಸಬೇಕು ಅಂತಲೂ ಅದರಲ್ಲಿ ಬರೆದಿರುತ್ತದೆ. ದಿನಾ ಅವಕ್ಕೆ ನೀರು, ಮೇವು, ಹಾಸು ನೋಡುವವರು ಯಾವ ಇಲಿ ಮಂಕಾಗಿದೆ ಅಂತ ನಮಗಿಂತ ಮೊದಲು ಹೇಳುತ್ತಾರೆ. ನಿಮ್ಮ ಮಗಳು ಯಾವತ್ತಾದರೂ ಕಾರಣ ಹೇಳದೆ ಮಂಕಾಗಿದ್ದರೆ, ಆ ದಿನ ಇಲಿಗಳ ಕೆಲಸ ಇದ್ದಿರಬಹುದು. ಕೆದಕಬೇಡಿ, ಊಟ ಆಯ್ತಾ ಅಂತ ಕೇಳಿ ಸಾಕು.

ಈಗ ನಿಮ್ಮ ಭಯದ ಪ್ರಶ್ನೆ. ಕ್ಯಾನ್ಸರ್ ಸೆಲ್ ಮುಟ್ಟಿದರೆ ಕ್ಯಾನ್ಸರ್ ಬರಲ್ಲ. ಅದು ಶೀತ, ಜ್ವರದ ಥರ ಅಂಟುವುದಿಲ್ಲ. ಬೇರೆಯವರ ಸೆಲ್ ನಮ್ಮ ಮೈಗೆ ಹೊಕ್ಕರೂ ನಮ್ಮ ರೋಗನಿರೋಧಕ ಶಕ್ತಿ ಅದನ್ನು ಪರಕೀಯ ಅಂತ ಗುರುತಿಸಿ ಕೊಲ್ಲುತ್ತದೆ. ಕಿಡ್ನಿ ಕಸಿ ಮಾಡಿದವರು ಜೀವನವಿಡೀ ಮಾತ್ರೆ ತಿನ್ನಬೇಕಾದದ್ದು ಇದೇ ಶಕ್ತಿಯನ್ನು ತಗ್ಗಿಸಲು. ಪೂರ್ತಿ ಪ್ರಾಮಾಣಿಕವಾಗಿ ಹೇಳಬೇಕಂದರೆ, ತೀರಾ ಅಪರೂಪದ ಒಂದು ಪ್ರಕರಣ 1986ರಲ್ಲಿ ವರದಿಯಾಗಿದೆ. ಕರುಳಿನ ಕ್ಯಾನ್ಸರ್ ಸೆಲ್ ಇದ್ದ ಸೂಜಿ ಒಬ್ಬ ಲ್ಯಾಬ್ ಕೆಲಸಗಾರರ ಕೈಗೆ ಚುಚ್ಚಿ ಅಲ್ಲೇ ಸಣ್ಣ ಗಂಟು ಬೆಳೆಯಿತು, ತೆಗೆದುಹಾಕಿದರು. ಅದಕ್ಕೇ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡ ಅಂತ ಮೊದಲ ದಿನವೇ ಹೇಳಿಕೊಡುತ್ತಾರೆ. ಮನುಷ್ಯರ ಸೆಲ್‌ಗಳಲ್ಲಿ ವೈರಸ್ ಇರಬಹುದು ಅಂತ ಕೋಟು, ಗ್ಲೌಸು, ಗಾಳಿ ಸೋಸುವ ಹುಡ್ ಎಲ್ಲ ಇವೆ. ನಿಜವಾಗಿ ಹುಷಾರಾಗಿರಬೇಕಾದದ್ದು ಬೇರೆ ಕಡೆ: ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್, ನರಗಳಿಗೆ ವಿಷವಾದ ಅಕ್ರಿಲಮೈಡ್, ಕಣ್ಣು ಸುಡುವ ಯುವಿ ದೀಪ. ಆಮೇಲೆ ರಾತ್ರಿ ಹನ್ನೊಂದಕ್ಕೆ ಹಿಮದಲ್ಲಿ ಒಬ್ಬಳೇ ಮನೆಗೆ ನಡೆಯುವುದು. ಕೊನೆಯದ್ದರ ಬಗ್ಗೆ ನೀವು ಗದರಬಹುದು. ಕ್ಯಾಂಪಸ್ಸಿನಲ್ಲಿ ರಾತ್ರಿ ಬಿಟ್ಟುಬರುವ ವ್ಯಾನ್ ಇದೆಯಾ ಅಂತ ಕೇಳಿ.

ಲ್ಯಾಬಿನಲ್ಲಿ ಮನುಷ್ಯರಿಗಿಂತ ಸೆಲ್‌ಗಳಿಗೇ ಸೋಂಕಿನ ಭಯ ಜಾಸ್ತಿ. ನನ್ನದೇ ಕಥೆ ಹೇಳುತ್ತೇನೆ. ಮೈಕೋಪ್ಲಾಸ್ಮಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅದಕ್ಕೆ ಹೊರಗೋಡೆಯೇ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟುವುದಿಲ್ಲ. ಮೀಡಿಯಾ ಕಲಕಾಗುವುದಿಲ್ಲ, ಸಾದಾ ಮೈಕ್ರೋಸ್ಕೋಪಿಗೂ ಕಾಣುವುದಿಲ್ಲ. ಸೆಲ್‌ಗಳು ಸಾಯುವುದಿಲ್ಲ, ಆದರೆ ಅವುಗಳ ನಡತೆ ಬದಲಾಗುತ್ತದೆ. ನಮ್ಮ ಟೆಕ್ನಿಷಿಯನ್, ಇಪ್ಪತ್ತು ವರ್ಷ ಅಲ್ಲೇ ಇದ್ದಾಕೆ, ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಅಂತ ಗೋಡೆಗೆ ಚೀಟಿ ಅಂಟಿಸಿದ್ದರು. ನಾನು ಗಡಿಬಿಡಿಯಲ್ಲಿ ಬಿಟ್ಟುಬಿಟ್ಟಿದ್ದೆ. ಸೆಲ್‌ಗಳು ನಾನು ಬಯಸಿದ ಹಾಗೇ ನಡೆದುಕೊಳ್ಳುತ್ತಿದ್ದವು, ಮತ್ತೇಕೆ ಪರೀಕ್ಷೆ? ಒಂದು ರಾತ್ರಿ ಬೇರೆ ಯಾವುದಕ್ಕೋ ಡಿಎನ್ಎಗೆ ಅಂಟುವ ನೀಲಿ ಬಣ್ಣ ಹಾಕಿ ಕತ್ತಲೆ ಕೋಣೆಯಲ್ಲಿ ನೋಡುತ್ತಿದ್ದೆ. ಪ್ರತಿ ಸೆಲ್‌ನಲ್ಲೂ ನಡುವೆ ಒಂದು ನೀಲಿ ದುಂಡು ಕಾಣಬೇಕು, ಅಷ್ಟೇ. ಅದರ ಸುತ್ತ ರವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆ. ಎಲ್ಲಾ ಸೆಲ್‌ಗಳಲ್ಲೂ. ಏಳು ತಿಂಗಳ ಕೆಲಸ.

ಬೆಳಗ್ಗೆ ಆಕೆಗೆ ಹೇಳಿದೆ. ಆಕೆ ಬೈಯಲಿಲ್ಲ. ಬ್ಲೀಚಿನ ಕ್ಯಾನು ಮತ್ತು ಕಸದ ಚೀಲ ತಂದು ಪಕ್ಕದಲ್ಲಿ ಇಟ್ಟರು. ಇಬ್ಬರೂ ಸೇರಿ ಒಂದೊಂದೇ ಫ್ಲಾಸ್ಕಿಗೆ ಬ್ಲೀಚ್ ಸುರಿದೆವು. ಗುಲಾಬಿ ಬಣ್ಣ ಹೋಗಿ ತಿಳಿನೀರಾಯಿತು. ಆಮೇಲೆ ಪಿಐಗೆ ಹೇಳಲು ಜೊತೆಗೆ ಬಂದರು. ತಪ್ಪನ್ನು ಮುಚ್ಚಿಡದೆ ಹೇಳುವಂಥ ಲ್ಯಾಬೋ ಅಲ್ಲವೋ ಅನ್ನುವುದೇ ನನ್ನ ಪ್ರಕಾರ ಲ್ಯಾಬಿನ ಅಸಲಿ ಪರೀಕ್ಷೆ. ಯೂನಿವರ್ಸಿಟಿಯ ರ‍್ಯಾಂಕಿಂಗ್ ಆಮೇಲೆ. ಯಾಕಂದರೆ ಹೇಳದೆ ಉಳಿದ ತಪ್ಪು ಬಹಳ ದೂರ ಹೋಗುತ್ತದೆ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಅನ್ನುವ ಜೆನೆಟಿಕ್ಸ್ ವಿಜ್ಞಾನಿ ಒಂದು ಸಭೆಯಲ್ಲಿ ಎದ್ದು, ಬೇರೆ ಬೇರೆ ಅಂಗಾಂಗದ್ದು ಅಂತ ನೀವು ಬೆಳೆಸುತ್ತಿರುವ ಎಷ್ಟೋ ಸೆಲ್‌ಗಳು ನಿಜಕ್ಕೂ ಹೀಲಾ ಅಂದರು. ಒಂದು ಫ್ಲಾಸ್ಕಿನಿಂದ ಇನ್ನೊಂದಕ್ಕೆ ಹನಿ ಸಿಡಿದು, ಜೋರಾಗಿ ಬೆಳೆಯುವ ಹೀಲಾ ಉಳಿದದ್ದನ್ನೆಲ್ಲ ಮುಳುಗಿಸಿತ್ತು. ಕೇಳಿದವರಿಗೆ ಸಿಟ್ಟು ಬಂತು. 1970ರ ದಶಕದಲ್ಲಿ ವಾಲ್ಟರ್ ನೆಲ್ಸನ್-ರೀಸ್ ಅಂಥ ಸೆಲ್‌ಗಳ ಪಟ್ಟಿಯನ್ನೇ ಪ್ರಕಟಿಸಿದಾಗ ಇನ್ನೂ ಜಾಸ್ತಿ ಸಿಟ್ಟು ಬಂತು. ಈಗ ಲ್ಯಾಬುಗಳು ಸೆಲ್‌ಗಳ ಡಿಎನ್ಎ ಗುರುತು ನೋಡಿಸಿಕೊಳ್ಳುತ್ತವೆ, ಆಧಾರ್ ಕಾರ್ಡ್ ತೋರಿಸಿದ ಹಾಗೆ.

ಯಾರ್ಯಾರು ಇರ್ತಾರೆ ಅಂದಿರಲ್ಲ, ಇನ್ನಿಬ್ಬರನ್ನು ಬಿಟ್ಟರೆ ತಪ್ಪಾಗುತ್ತದೆ. ಅವರು ಲ್ಯಾಬಿಗೆ ಕಾಲಿಟ್ಟವರಲ್ಲ. ಹೆನ್ರಿಯೆಟಾ ಲ್ಯಾಕ್ಸ್ ವರ್ಜೀನಿಯಾದ ತಂಬಾಕು ಹೊಲಗಳಲ್ಲಿ ಬೆಳೆದವರು. ಐದು ಮಕ್ಕಳ ತಾಯಿ. 1951ರ ಅಕ್ಟೋಬರ್‌ನಲ್ಲಿ, 31ನೇ ವಯಸ್ಸಿನಲ್ಲಿ ತೀರಿಕೊಂಡರು. ಸೆಲ್ ಬೆಳೆಸಲು ಅವರನ್ನು ಯಾರೂ ಕೇಳಿರಲಿಲ್ಲ. ಮನೆಯವರಿಗೆ ವಿಷಯ ಗೊತ್ತಾಗಿದ್ದೇ 1970ರ ದಶಕದಲ್ಲಿ. 2013ರಲ್ಲಿ ಎನ್‌ಐಎಚ್ ಅವರ ಕುಟುಂಬದ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಹೀಲಾದ ಪೂರ್ತಿ ಜೀನೋಮ್, ಅಂದರೆ ಡಿಎನ್ಎ ಮಾಹಿತಿ ಯಾರಿಗೆ ಕೊಡಬೇಕು ಅಂತ ನೋಡುವ ಸಮಿತಿಯಲ್ಲಿ ಈಗ ಕುಟುಂಬದವರೂ ಇದ್ದಾರೆ. ಇನ್ನೊಬ್ಬರು ಮಿಷಿಗನ್ನಿನ ಮನ್ರೋ ಊರಿನ ಕಾನ್ವೆಂಟಿನಲ್ಲಿದ್ದ ಸಿಸ್ಟರ್ ಕ್ಯಾಥರಿನ್ ಫ್ರಾನ್ಸಿಸ್. ಸ್ತನ ಕ್ಯಾನ್ಸರ್ ಆಗಿ 1970ರಲ್ಲಿ ತೀರಿಕೊಂಡರು. ಅವರ ಸೆಲ್‌ಗಳನ್ನು ಡೆಟ್ರಾಯಿಟ್‌ನ ಮಿಷಿಗನ್ ಕ್ಯಾನ್ಸರ್ ಫೌಂಡೇಶನ್‌ನಲ್ಲಿ ಬೆಳೆಸಿ ಎಂಸಿಎಫ್-7 ಅಂತ ಹೆಸರಿಟ್ಟರು. ಸಂಸ್ಥೆಯ ಹೆಸರಿನ ಮೂರು ಅಕ್ಷರ ಬಂತು, ಅವರ ಹೆಸರಿನ ಒಂದಕ್ಷರವೂ ಇಲ್ಲ. ಸ್ತನ ಕ್ಯಾನ್ಸರ್ ಬಗ್ಗೆ ಕೆಲಸ ಮಾಡುವ ಯಾವ ಲ್ಯಾಬಿಗೆ ಹೋದರೂ ಎಂಸಿಎಫ್-7 ಕಾಣುತ್ತದೆ. ಈಸ್ಟ್ರೋಜನ್ ತಡೆಯುವ ಔಷಧಗಳ ಬಗ್ಗೆ ನಾವು ಕಲಿತದ್ದರಲ್ಲಿ ದೊಡ್ಡ ಪಾಲು ಆ ಸನ್ಯಾಸಿನಿಯ ಸೆಲ್‌ಗಳದ್ದು. ನಾನು ಆರು ವರ್ಷ ಊಟ ಹಾಕಿದ್ದೂ ಅವಕ್ಕೇ.

ನೀವು ಬರೆದಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ: ಮಗಳು ಕ್ಯಾನ್ಸರಿಗೆ ಔಷಧ ಕಂಡುಹಿಡಿಯುತ್ತಾಳಾ? ನಿಮ್ಮ ಬೀದಿಯವರು ಕೇಳುತ್ತಲೂ ಇರಬಹುದು. ಹೀಗೆ ಹೇಳಿ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ವಿದ್ಯಾರ್ಥಿಯಾಗಿದ್ದ ಡೇವಿಡ್ ಹಂಗರ್‌ಫರ್ಡ್, ಒಂದು ಬಗೆಯ ರಕ್ತ ಕ್ಯಾನ್ಸರಿನ ಸೆಲ್‌ಗಳಲ್ಲಿ ಒಂದು ಕ್ರೋಮೋಸೋಮ್ (ಡಿಎನ್ಎ ಸುತ್ತಿಟ್ಟ ಎಳೆ) ಗಿಡ್ಡಗಿರುವುದನ್ನು ಕಂಡರು. ಅದು ಯಾಕೆ ಗಿಡ್ಡ? ಉತ್ತರ ಸಿಗಲು ಹದಿಮೂರು ವರ್ಷ ಬೇಕಾಯಿತು. ಷಿಕಾಗೊ ಯೂನಿವರ್ಸಿಟಿಯ ಜಾನೆಟ್ ರೌಲಿ, ನಾಲ್ಕು ಗಂಡುಮಕ್ಕಳ ತಾಯಿ, ಕ್ರೋಮೋಸೋಮ್‌ಗಳ ಫೋಟೋಗಳನ್ನು ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು, ಕತ್ತರಿಯಿಂದ ಕತ್ತರಿಸಿ ಜೋಡಿಸಿ ನೋಡುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡ್ತಾಳೆ ಅಂತ ಮಕ್ಕಳು ನಗುತ್ತಿದ್ದರಂತೆ. 9ನೇ ಮತ್ತು 22ನೇ ಕ್ರೋಮೋಸೋಮ್‌ಗಳು ತುದಿ ಅದಲುಬದಲು ಮಾಡಿಕೊಂಡಿವೆ ಅಂತ ಅವರು 1973ರಲ್ಲಿ ತೋರಿಸಿದರು. ಆ ಬೆಸುಗೆಯಲ್ಲಿ ಹುಟ್ಟುವ ಪ್ರೋಟೀನನ್ನು ತಡೆಯುವ ಮಾತ್ರೆ ಇಮ್ಯಾಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರ ಮೇ ತಿಂಗಳಲ್ಲಿ. ಇವತ್ತು ಬೆಂಗಳೂರಿನಲ್ಲೂ ಆ ಮಾತ್ರೆ ನುಂಗಿ ಕೆಲಸಕ್ಕೆ ಹೋಗಿಬರುವವರು ಇದ್ದಾರೆ. ಶುರುವಿಂದ ಮಾತ್ರೆಯವರೆಗೆ 41 ವರ್ಷ. ನಡುವೆ ಎಷ್ಟು ಲ್ಯಾಬು, ಎಷ್ಟು ಖಾಲಿ ಬ್ಲಾಟು, ಎಷ್ಟು ಭಾನುವಾರ! ನಿಮ್ಮ ಮಗಳ ಪಾಲು ಇಂಥದ್ದರಲ್ಲಿ ಒಂದು ಮೆಟ್ಟಿಲು ಆಗಬಹುದು. ಅರ್ಧ ಮೆಟ್ಟಿಲೂ ಆಗಬಹುದು.

ಕೊನೆಗೆ ಊರಿಗೆ ಬರುವ ವಿಷಯ. ಒಂದೂವರೆ ವರ್ಷ ಅಂದಿರಿ. ಹಾಗಿದ್ದರೆ ಬಹುಶಃ ಅವಳಿಗೆ ಕ್ವಾಲಿಫೈಯಿಂಗ್ ಪರೀಕ್ಷೆ ಹತ್ತಿರ ಬಂದಿದೆ. ಹೆಚ್ಚಿನ ಕಡೆ ಅದು ಎರಡನೇ ವರ್ಷದ ಕೊನೆಯ ಹೊತ್ತಿಗೆ ಇರುತ್ತದೆ. ನಾಲ್ಕೈದು ಪ್ರೊಫೆಸರುಗಳು ಸುತ್ತ ಕೂತು ಎರಡು ಗಂಟೆ ಕೇಳುತ್ತಾರೆ. ನಿಮಗೆ ಗಾಬರಿ ಆಗುತ್ತದೆ ಅಂತ ಅವಳು ಹೇಳದೇ ಇರಬಹುದು. ಈಗ ಬಾ ಅಂತ ಒತ್ತಾಯ ಮಾಡಬೇಡಿ, ಅದು ಮುಗಿದ ಮೇಲೆ ಕರೆಸಿಕೊಳ್ಳಿ. ಯೂನಿವರ್ಸಿಟಿ ಕೊಡುವ ಐ-20 ಪತ್ರದ ಮೇಲೆ ಪ್ರಯಾಣಕ್ಕೆ ಸಹಿ ಹಾಕಿಸಿಕೊಂಡಿದ್ದೀಯಾ, ವೀಸಾ ಸ್ಟ್ಯಾಂಪಿನ ತಾರೀಖು ನೋಡಿದ್ದೀಯಾ ಅಂತ ಈಗಲೇ ನೆನಪು ಮಾಡಿ. ಫೋನ್ ಮಾಡುವುದಾದರೆ, ನಮ್ಮ ರಾತ್ರಿ 8 ಅಂದರೆ ಓಹಾಯೋದಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಸರಿಯಾಗಿ ಹುಡ್ ಮುಂದೆ ಕೂತಿರುವ ಹೊತ್ತು, ಗ್ಲೌಸ್ ಹಾಕಿದ ಕೈಯಲ್ಲಿ ಫೋನ್ ಮುಟ್ಟುವಂತಿಲ್ಲ. ನೀವು ಬೆಳಗ್ಗೆ ಕಾಫಿ ಕುಡಿಯುವಾಗ ಮಾಡಿ. ಅವಳು ಮನೆಗೆ ಬಂದು ಅನ್ನ ಬೇಯಲು ಇಟ್ಟಿರುತ್ತಾಳೆ.

ಸೆಲ್‌ಗಳನ್ನು ಬಿಟ್ಟು ಹೇಗೆ ಬರ್ತಾಳೆ ಅಂತೀರಾ? ಅದಕ್ಕೆ ದಾರಿ ಇದೆ. ಹೊರಡುವ ವಾರ ಸೆಲ್‌ಗಳನ್ನು ಎಣಿಸಿ, ಡಿಎಂಎಸ್ಒ ಅನ್ನುವ ದ್ರಾವಣ ಬೆರೆಸಿ, ಕಿರುಬೆರಳಿನಷ್ಟು ಸಣ್ಣ ಟ್ಯೂಬುಗಳಿಗೆ ತುಂಬುತ್ತಾಳೆ. ಒಂದು ರಾತ್ರಿ ಮೈನಸ್ 80ರ ಫ್ರೀಜರಿನಲ್ಲಿ, ನಿಮಿಷಕ್ಕೊಂದು ಡಿಗ್ರಿ ಲೆಕ್ಕದಲ್ಲಿ ನಿಧಾನವಾಗಿ ತಣ್ಣಗಾಗಲು ಬಿಡುತ್ತಾಳೆ. ಆಮೇಲೆ ದ್ರವ ನೈಟ್ರೋಜನ್ ತೊಟ್ಟಿಗೆ ಇಳಿಸಿ, ಟೆಕ್ನಿಷಿಯನ್ನಿನ ರಿಜಿಸ್ಟರಿನಲ್ಲಿ ಯಾವ ಡಬ್ಬಿ, ಯಾವ ಸಾಲು ಅಂತ ಬರೆಯುತ್ತಾಳೆ. ಅಲ್ಲಿ ಸೆಲ್‌ಗಳಿಗೆ ಹಸಿವಿಲ್ಲ, ವಯಸ್ಸಾಗುವುದೂ ಇಲ್ಲ. ಮೂರು ವಾರ ಬಿಟ್ಟು ಬಂದು ಬೆಚ್ಚಗಿನ ನೀರಲ್ಲಿ ಒಂದೆರಡು ನಿಮಿಷ ಅಲ್ಲಾಡಿಸಿದರೆ ಏಳುತ್ತವೆ. ಚೇತರಿಸಿಕೊಳ್ಳಲು ಒಂದು ವಾರ ಹಿಡಿಯುತ್ತದೆ, ಅವಳಿಗೂ ನಿದ್ದೆ ಹೊಂದಿಕೊಳ್ಳಲು ಅಷ್ಟೇ ಬೇಕು. ಹಾಗಾಗಿ ಮುಂದಿನ ಸಲ ಅವಳು "ಇವತ್ತು ಸೆಲ್ ಫ್ರೀಜ್ ಮಾಡ್ತಿದೀನಿ ಅಮ್ಮಾ" ಅಂದರೆ, ಯಾಕೆ ಅಂತ ಕೇಳಿ. ಟಿಕೆಟ್ ಬುಕ್ ಆಗಿರಬಹುದು.